ಟಿನ್‌ಟಿನ್ ಟೀವಿ ಸರಣಿ: ಗೆರೆಗೆ ಗೆರೆ ಕೂಡಿಸಿದ್ದಾರೆ, ಆದ್ರೂ ನಗು ಯಾಕೆ ಬರಲ್ಲ?

ಚೌಕಟ್ಟು · ಶನಿವಾರ ರಾತ್ರಿ 10:12

ಮಗಳಿಗೆ ವೈರಲ್ ಜ್ವರ ಬಂದು ನಾಲ್ಕು ದಿನ ಶಾಲೆಗೆ ಹೋಗ್ಲಿಲ್ಲ. ಹೊದ್ದು ಮಲಗಿದವಳಿಗೆ, ಬೆಲ್ಜಿಯಂನ ಎರ್ಜೆ ಬರೆದ ಚಿತ್ರಕಥೆ ಪುಸ್ತಕಗಳನ್ನ ಆಧರಿಸಿದ ಹಳೇ ಟಿನ್‌ಟಿನ್ ಸರಣಿ ಹಾಕಿಕೊಟ್ಟೆ. 1991–92ರದ್ದು, ಫ್ರಾನ್ಸಿನ ಎಲಿಪ್ಸ್ ಮತ್ತು ಕೆನಡಾದ ನೆಲ್ವಾನಾ ಕಂಪನಿಗಳು ಸೇರಿ ಮಾಡಿದ್ದು, ಒಟ್ಟು 39 ಕಂತು. ನಾನೂ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಅರ್ಧ ಕೆಲಸ, ಅರ್ಧ ಟೀವಿ. ‘ಕ್ಯಾಸ್ಟಫಿಯೋರೆ ಎಮರಾಲ್ಡ್’ ಕಂತು ಬಂತು. ಬಂಗಲೆಯ ಮೆಟ್ಟಿಲ ಕಲ್ಲೊಂದು ಮುರಿದಿದೆ, ಟಿನ್‌ಟಿನ್‌ನ ನಾವಿಕ ಗೆಳೆಯ ಕ್ಯಾಪ್ಟನ್ ಹ್ಯಾಡಕ್ ಧೊಪ್ಪಂತ ಬೀಳ್ತಾನೆ. ಮಗಳು ನೋಡಿದ್ಲು. ಮಗ್ಗುಲು ಬದಲಾಯಿಸಿದ್ಲು. ಅಷ್ಟೇ.

ಎರಡು ದಿನ ಬಿಟ್ಟು ಕಪಾಟಿನಲ್ಲಿದ್ದ ಅದೇ ಪುಸ್ತಕ ಅವಳ ಕೈಗೆ ಸಿಕ್ತು. ಒಳಗಿನ ಕೋಣೆಯಿಂದ ಕಿಸಕ್ಕಂತ ನಗು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಹೋಗಿ ನೋಡಿದ್ರೆ ಅದೇ ಮೆಟ್ಟಿಲು, ಅದೇ ಹ್ಯಾಡಕ್.

ಅವತ್ತಿಂದ ತಲೆ ಕೊರೀತಿದೆ. ಟೀವಿಯವರು ಕಥೆ ಕೆಡಿಸಿದ್ರು ಅಂತ ಹೇಳೋಕೂ ಆಗಲ್ಲ. ಎಷ್ಟೋ ಕಡೆ ಎರ್ಜೆ ಬರೆದ ಚಿತ್ರದ ಚೌಕಟ್ಟನ್ನೇ ಹಾಗ್‌ಹಾಗೇ ಎತ್ತಿ ತೆರೆ ಮೇಲೆ ಇಟ್ಟಿದ್ದಾರೆ. ಬಣ್ಣ ಸರಿ, ಕೋಟು ಸರಿ, ಕಾರಿನ ಮಾಡೆಲ್ ಕೂಡ ಸರಿ. ಆದ್ರೆ ಲೆಕ್ಕ ಹಾಕಿ ನೋಡಿ. ಪುಸ್ತಕಕ್ಕೆ 62 ಪುಟ. ಹೆಚ್ಚಿನ ಪುಸ್ತಕಗಳಿಗೆ ಎರಡು ಕಂತು ಕೊಟ್ಟಿದ್ದಾರೆ. ಜಾಹೀರಾತಿನ ಜಾಗ ಕಳೆದು ಕಂತಿಗೆ 22 ನಿಮಿಷ ಅಂತ ಹಿಡಿದ್ರೆ ಪುಟಕ್ಕೆ ಸುಮಾರು 43 ಸೆಕೆಂಡ್. ‘ರೆಡ್ ರ್‍ಯಾಕಮ್ಸ್ ಟ್ರೆಷರ್’, ‘ಶೂಟಿಂಗ್ ಸ್ಟಾರ್’, ‘ಟಿನ್‌ಟಿನ್ ಇನ್ ಅಮೆರಿಕ’ ಈ ಮೂರಕ್ಕೆ ಒಂದೊಂದೇ ಕಂತು. ಅಂದ್ರೆ ಪುಟಕ್ಕೆ 21 ಸೆಕೆಂಡ್. ಇಷ್ಟು ಹೊತ್ತಿನಲ್ಲಿ ನನಗೆ ಒಂದು ಪುಟದ ಹಿನ್ನೆಲೆಯಲ್ಲಿ ಯಾರ್‍ಯಾರಿದ್ದಾರೆ ಅಂತ ನೋಡಿ ಮುಗಿಯಲ್ಲ.

ಹಾಗಾಗಿ ಕತ್ತರಿ ಹಾಕಲೇಬೇಕು, ಒಪ್ಪಿದೆ. ಕತ್ತರಿಸಿದ್ದು ಎಲ್ಲಿ ಅನ್ನೋದೇ ನನ್ನ ತಕರಾರು. ಕಳ್ಳ ಯಾರು, ನಿಧಿ ಎಲ್ಲಿ, ಯಾರು ಯಾರನ್ನ ಕಟ್ಟಿಹಾಕಿದ್ರು, ಇದೆಲ್ಲ ಚಾಚೂ ತಪ್ಪದೆ ಉಳಿದಿದೆ. ಹೋಗಿದ್ದು ಅದರ ನಡುವಿನ ಬಿಡುವು. ಟಿನ್‌ಟಿನ್ ಓದೋರು ಕಳ್ಳ ಯಾರು ಅಂತ ತಿಳ್ಕೊಳ್ಳೋಕೆ ಹತ್ತನೇ ಸಲ ಓದ್ತಾರಾ? ನಿಮಗೇನನ್ಸುತ್ತೆ ಹೇಳಿ.


ಬಿಸಿಬೇಳೆ_ಭಾತು · ಶನಿವಾರ ರಾತ್ರಿ 10:50

ಜ್ವರದಲ್ಲಿ ಮಲಗಿದ ಮಗು ನಗಲಿಲ್ಲ ಅಂತ ಪಾಪ ಕೆನಡಾದವರ ಮೇಲೆ ಕೇಸ್ ಹಾಕ್ತೀರಲ್ಲ ಸ್ವಾಮಿ! 😀

ನನ್ನ ಕಥೆ ಉಲ್ಟಾ. ನಮ್ಮ ಮನೇಲಿ ಆಗ ಇಂಗ್ಲಿಷ್ ಪುಸ್ತಕ ಕೊಳ್ಳೋ ತಾಕತ್ತೂ ಇರ್ಲಿಲ್ಲ, ಓದೋ ತಾಕತ್ತೂ ಇರ್ಲಿಲ್ಲ. ಎದುರು ಮನೆಯಲ್ಲಿ ಕೇಬಲ್ ಇತ್ತು. ಶುರುವಿನ ಆ ಸಂಗೀತ ಕೇಳಿದ ತಕ್ಷಣ ಹೋಂವರ್ಕ್ ಬಿಟ್ಟು ಓಡ್ತಿದ್ದೆ. ಅರ್ಥವಾಗಿದ್ದು ಕಾಲುಭಾಗ, ಆದ್ರೂ ಮೈ ಜುಮ್ ಅಂತಿತ್ತು. ನನ್ನಂಥವರಿಗೆ ಟಿನ್‌ಟಿನ್ ಅಂದ್ರೆ ಮೊದಲು ಟೀವಿ, ಆಮೇಲೆ ಪುಸ್ತಕ.

ಇನ್ನೊಂದು ಮಾತು. ಇದಕ್ಕಿಂತ ಮೊದಲು ಬೆಲ್ಜಿಯಂನ ಬೆಲ್‌ವಿಷನ್ ಸ್ಟುಡಿಯೋದವರು 1957ರಿಂದ ಟಿನ್‌ಟಿನ್ ಮಾಡಿದ್ರು, ಐದೈದು ನಿಮಿಷದ ತುಣುಕು. ಅದನ್ನ ಹತ್ತು ನಿಮಿಷ ನೋಡಿ ಬನ್ನಿ. ಕಥೆಯನ್ನ ಮನಸ್ಸಿಗೆ ಬಂದ ಹಾಗೆ ಎಳೆದಾಡಿದ್ದಾರೆ. ಅದನ್ನ ನೋಡಿದ ಮೇಲೆ 91ರ ಸರಣಿಯ ನಿರ್ದೇಶಕ ಸ್ಟೀಫಾನ್ ಬರ್ನಾಸ್ಕೋನಿಗೆ ಕೈ ಮುಗೀತೀರಿ. ಅಲ್ಲಲ್ಲಿ ಗುಂಪಿನ ನಡುವೆ ಎರ್ಜೆಯನ್ನೇ ಒಂದು ಪಾತ್ರವಾಗಿ ಬರೆದು ನಿಲ್ಲಿಸಿದ್ದಾರೆ, ಗಮನಿಸಿದ್ದೀರಾ? ಅಷ್ಟು ಪ್ರೀತಿ ಇಟ್ಟು ಮಾಡಿದವರನ್ನ ಈ ಪಾಟಿ ಬೈಬೇಡಿ.


ಹಳೇಪುಸ್ತಕ · ಶನಿವಾರ ರಾತ್ರಿ 11:35

ಪ್ರೀತಿ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪ್ರೀತಿ ಇದ್ದವರು ಪುಸ್ತಕಗಳ ಕ್ರಮವನ್ನು ಹೀಗೆ ಕಲಸಿಬಿಟ್ಟರೇಕೆ? ನನಗೆ ಅತಿಯಾಗಿ ಕಿರಿಕಿರಿ ಮಾಡುವುದು ಇದು.

ಸರಣಿ ಆರಂಭವಾಗುವುದು ‘ಕ್ರ್ಯಾಬ್ ವಿತ್ ದ ಗೋಲ್ಡನ್ ಕ್ಲಾಸ್’ನಿಂದ. ಹ್ಯಾಡಕ್ ಮೊದಲು ಬರುವುದು ಅದರಲ್ಲೇ, ಆದ್ದರಿಂದ ಅಲ್ಲಿಂದ ಆರಂಭಿಸಿದ್ದು ಜಾಣತನ. 2011ರಲ್ಲಿ ಸ್ಪೀಲ್‌ಬರ್ಗ್ ಕೂಡ ತಮ್ಮ ಚಿತ್ರಕ್ಕೆ ಅದೇ ಪುಸ್ತಕದ ಭಾಗಗಳನ್ನು ಬಳಸಿಕೊಂಡರು. ತಕರಾರು ಇರುವುದು ಅದರ ಮುಂದೆ. ಎರಡನೇ ಸೀಸನ್ ಮುಗಿಯುವುದು ‘ಫ್ಲೈಟ್ 714’ರಿಂದ. ಅದರ ಕೊನೆಯಲ್ಲಿ ಖಳನಾಯಕ ರಾಸ್ಟಪೊಪೊಲಸ್‌ನನ್ನು ಹಾರುವ ತಟ್ಟೆ ಹೊತ್ತೊಯ್ಯುತ್ತದೆ. ಎರ್ಜೆ ಪೂರ್ಣಗೊಳಿಸಿದ ಪುಸ್ತಕಗಳಲ್ಲಿ ಅವನಿಗೆ ಅದೇ ಬೀಳ್ಕೊಡುಗೆ, ಆಮೇಲೆ ಅವನು ಬರುವುದೇ ಇಲ್ಲ. ಟೀವಿಯಲ್ಲೋ? ಮೂರನೇ ಸೀಸನ್ ತೆರೆದುಕೊಳ್ಳುವುದೇ ‘ರೆಡ್ ಸೀ ಶಾರ್ಕ್ಸ್’ನಿಂದ. ಅಲ್ಲಿ ಇದೇ ಮಹಾಶಯ ಮಾರ್ಕ್ವಿಸ್ ಎಂಬ ವೇಷದಲ್ಲಿ ಐಷಾರಾಮಿ ಹಡಗಿನಲ್ಲಿ ಕುಳಿತಿದ್ದಾನೆ! ಹಾರುವ ತಟ್ಟೆಯಿಂದ ಇಳಿದು ನೇರವಾಗಿ ಕೆಂಪು ಸಮುದ್ರಕ್ಕೆ ಬಂದನೇ? ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಒಪೇರಾ ಗಾಯಕಿ ಮಾದಾಮ್ ಕ್ಯಾಸ್ಟಫಿಯೋರೆಯದೂ ಇದೇ ಗತಿ. ಪುಸ್ತಕದಲ್ಲಿ ಟಿನ್‌ಟಿನ್‌ಗೆ ಆಕೆ ಸಿಗುವುದು ‘ಕಿಂಗ್ ಒಟ್ಟೋಕರ್ಸ್ ಸೆಪ್ಟರ್’ನಲ್ಲಿ, ದಾರಿಯಲ್ಲಿ ಕಾರಿಗೆ ಹತ್ತಿಸಿಕೊಂಡು, ಹಾಡಿ, ಗಾಜು ಒಡೆದೀತೆಂಬ ಭಯ ಹುಟ್ಟಿಸಿ. ಆ ಮೊದಲ ಭಯ ಇದ್ದರೆ ತಾನೇ ಮುಂದಿನ ಪುಸ್ತಕಗಳಲ್ಲಿ ಆಕೆಯ ಹೆಸರು ಕೇಳಿದರೇ ನಗು ಬರುವುದು? ಸರಣಿಯಲ್ಲಿ ‘ಕ್ಯಾಲ್ಕ್ಯುಲಸ್ ಅಫೇರ್’ ಮೊದಲ ಸೀಸನ್‌ನಲ್ಲೇ ಬಂದುಹೋಗುತ್ತದೆ, ‘ಒಟ್ಟೋಕರ್’ ಎರಡನೆಯದರಲ್ಲಿ. ಎರ್ಜೆ ಹತ್ತಾರು ವರ್ಷ ಒಂದರ ಮೇಲೊಂದು ಇಟ್ಟಿಗೆ ಇಟ್ಟಂತೆ ಕಟ್ಟಿದ ಪರಿಚಯಗಳಿವು. ಇಟ್ಟಿಗೆಗಳೆಲ್ಲ ಇವೆ, ಗೋಡೆ ಇಲ್ಲ.

21 ಪುಸ್ತಕಗಳನ್ನು ಮಾತ್ರ ತೆಗೆದುಕೊಂಡಿದ್ದಾರೆ. ಸೋವಿಯತ್ ಮತ್ತು ಕಾಂಗೋ ಕುರಿತ ಮೊದಲೆರಡು ಪುಸ್ತಕಗಳನ್ನು ಕೈಬಿಟ್ಟರು, ಅಪೂರ್ಣವಾಗಿದ್ದ ‘ಆಲ್ಫ್-ಆರ್ಟ್’ ಹೇಗೂ ಇಲ್ಲ. ಕಾಂಗೋ ಪುಸ್ತಕದಲ್ಲಿ ಆಫ್ರಿಕದವರನ್ನು ಬರೆದಿರುವ ರೀತಿ ನೋಡಿದರೆ ಬಿಟ್ಟದ್ದೇ ಒಳ್ಳೆಯದಾಯಿತು.


ಬಿಸಿಬೇಳೆ_ಭಾತು · ಶನಿವಾರ ರಾತ್ರಿ 11:48

ರಾಸ್ಟಪೊಪೊಲಸ್ ವಿಷಯ ನಾನು ಗಮನಿಸಿರ್ಲೇ ಇಲ್ಲ. ಥೂ, ಇನ್ಮೇಲೆ ನೋಡೋವಾಗ್ಲೆಲ್ಲ ಅದೇ ಕಾಣುತ್ತೆ. ಹಾಳುಮಾಡಿದ್ರಿ.


ರೀಲು_ಸುತ್ತುವವ · ಭಾನುವಾರ ಬೆಳಿಗ್ಗೆ 7:20

ಬೆಂಗಳೂರಲ್ಲಿ ಒಂದು ಆನಿಮೇಷನ್ ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ದುಡಿದಿದ್ದೇನೆ, ಹೊರದೇಶದ ಮಕ್ಕಳ ಸರಣಿಗಳ ಕೆಲಸ. ಚೌಕಟ್ಟು ಅವರು ಕೇಳಿದ ‘ಬಿಡುವು ಯಾಕೆ ಹೋಯ್ತು’ ಅನ್ನೋ ಪ್ರಶ್ನೆಗೆ ನಮ್ಮ ಕಡೆಯಿಂದ ಉತ್ತರ ಇದೆ.

ಸೆಕೆಂಡಿಗೆ 24 ಫ್ರೇಮ್. ಕೈಯಲ್ಲಿ ಬರೆಯೋ ಟೀವಿ ಕೆಲಸದಲ್ಲಿ ಸಾಮಾನ್ಯವಾಗಿ ಒಂದು ಚಿತ್ರವನ್ನ ಎರಡು ಫ್ರೇಮಿಗೆ ಎಳೀತಾರೆ, ಅಂದ್ರೆ ಸೆಕೆಂಡಿಗೆ 12 ಚಿತ್ರ. 22 ನಿಮಿಷಕ್ಕೆ 31,680 ಫ್ರೇಮ್. ಪ್ರತಿ ದೃಶ್ಯಕ್ಕೂ ಒಂದು ಹಾಳೆ ಇರುತ್ತೆ, ಯಾವ ಫ್ರೇಮಲ್ಲಿ ಬಾಯಿ ತೆರೀಬೇಕು, ಯಾವ ಫ್ರೇಮಲ್ಲಿ ಕೈ ಎತ್ತಬೇಕು ಅಂತ. ಮಾತು ಮೊದಲೇ ರೆಕಾರ್ಡ್ ಆಗಿರುತ್ತೆ, ಹಾಳೆ ತುಂಬೋದು ಅದರ ಲೆಕ್ಕದಲ್ಲಿ. ಈ ಹಾಳೆಯಲ್ಲಿ ‘ಪಾತ್ರ ಸುಮ್ಮನೆ ನಿಂತಿದೆ’ ಅಂತ ಎರಡು ಸೆಕೆಂಡ್ ಬಿಟ್ಟುನೋಡಿ. ನಾನು ಬಿಟ್ಟಿದ್ದೇನೆ, ಬೈಸಿಕೊಂಡೂ ಇದ್ದೇನೆ. ‘ಇಲ್ಲಿ ಏನೂ ಆಗ್ತಿಲ್ಲವಲ್ಲ’ ಅಂತ ಕೆಂಪು ಶಾಯಿಯಲ್ಲಿ ಗೀಟು ಬೀಳುತ್ತೆ. ಚಿತ್ರ ನಿಂತ್ರೆ ಮಗು ಚಾನೆಲ್ ಬದಲಾಯಿಸುತ್ತೆ ಅನ್ನೋ ಭಯ ಟೀವಿಯವರಿಗೆ ಹುಟ್ಟಿನಿಂದ ಬಂದಿದ್ದು.

ಈಗ ಎರ್ಜೆ ಪುಟ ನೋಡಿ. ಅವನಲ್ಲಿ ಬೀಳೋದು ಒಂದು ಚೌಕಟ್ಟು. ಬೀಳೋದಕ್ಕೆ ಮುಂಚೆ ಒಂದು ಚೌಕಟ್ಟು, ಬಿದ್ದ ಮೇಲೆ ಒಂದು. ಆ ಮೂರರ ನಡುವೆ ಬಿಳಿ ಪಟ್ಟಿ. ಆ ಪಟ್ಟಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದು ಓದೋರ ಕೈಯಲ್ಲಿದೆ. ನಿಮ್ಮ ಮಗಳು ಅಲ್ಲಿ ನಿಂತಿದ್ದಾಳೆ. ಬಹುಶಃ ಬಿದ್ದಿದ್ದನ್ನ ನೋಡಿ, ವಾಪಸ್ ಹಿಂದಿನ ಚೌಕಟ್ಟಿಗೆ ಹೋಗಿ ಅವನ ಮುಖ ನೋಡಿ ಬಂದು, ಆಮೇಲೆ ನಕ್ಕಿರ್ತಾಳೆ. ಟೀವಿಯಲ್ಲಿ ಆ ಹಿಂದೆ ಹೋಗೋ ದಾರಿ ಇಲ್ಲ.

ಮತ್ತೆ ಈ ಮೆಟ್ಟಿಲಿನ ನಗು ಬೀಳೋದರಲ್ಲೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಅದು ಅಮೃತಶಿಲೆ ಕೆಲಸದವನಲ್ಲಿದೆ. ಕ್ಯಾಪ್ಟನ್ ಫೋನ್ ಮಾಡ್ತಾನೆ, ಅವನು ‘ನಾಳೆ ಬರ್ತೀನಿ’ ಅಂತಾನೆ, ಬರಲ್ಲ. ಪುಸ್ತಕ ಮುಗಿಯೋ ಹೊತ್ತಿನ ತನಕ ಬರಲ್ಲ. ಇತ್ತ ಬಂಗಲೆಗೆ ಫೋನ್ ಮಾಡೋರು ಅದು ಮಾಂಸದಂಗಡಿ ಅಂತ ತಿಳ್ಕೊಂಡು ಕೋಳಿ, ಸಾಸೇಜು ಆರ್ಡರ್ ಕೊಡ್ತಾರೆ. ಇದೆಲ್ಲ ಹತ್ತು ಪುಟಕ್ಕೊಮ್ಮೆ, ಮರೆತೆ ಅನ್ನೋ ಹೊತ್ತಿಗೆ ಬರಬೇಕು. ಪುಟಕ್ಕೆ 43 ಸೆಕೆಂಡ್ ಇದ್ರೆ ಮರೆಯೋಕೆ ಟೈಮ್ ಎಲ್ಲಿದೆ? ಮರೀದೇ ಇದ್ರೆ ನೆನಪಾಗೋದು ಹೇಗೆ?

ಮನೆ ಕಟ್ಟಿಸಿದ ಯಾರನ್ನ ಬೇಕಾದ್ರೂ ಕೇಳಿ, ಎರ್ಜೆ ಟೈಲ್ಸ್ ಮೇಸ್ತ್ರಿಗಳನ್ನ ನೋಡೇ ಬರೆದಿದ್ದಾನೆ ಅಂತಾರೆ.


ಹುಬ್ಬಳ್ಳಿಯಾಂವ · ಭಾನುವಾರ ಬೆಳಿಗ್ಗೆ 9:05

ಮೇಸ್ತ್ರಿ ಮಾತು ಖರೇ ಅದರೀ. ನಮ್ಮ ಬಾಥ್‌ರೂಮಿನ ಬಾಗಲಾ ಇನ್ನೂ ‘ನಾಳೆ’ನ ಐತಿ.

ನನ್ನ ಸಿಟ್ಟು ಬ್ಯಾರೆ ಐತಿ. ಕ್ಯಾಪ್ಟನ್ನನ ಬಾಯಿ ಕಟ್ಟಿ ಹಾಕ್ಯಾರ. ಪುಸ್ತಕದಾಗ ಆಂವ ಬೈಯಾಕ ಹತ್ತಿದ್ರ ಅದೊಂದು ಮೆರವಣಿಗಿ. ಪ್ರಾಗೈತಿಹಾಸಿಕ ಪ್ರಾಣಿ, ವಿಜ್ಞಾನದ ಶಬ್ದ, ಹಡಗಿನ ಸಾಮಾನು, ತುರ್ಕಿ ಸೈನ್ಯದ ಹೆಸರು, ಏನ್ ಬಾಯಿಗೆ ಬರತೈತಿ ಅದು. ಒಂದೂ ಹೊಲಸು ಶಬ್ದ ಇಲ್ಲ, ಆದ್ರೂ ಬೈಸಿಕೊಂಡಾಂವ ನೆಲಕ್ಕ ಇಳೀಬೇಕು. ಅದರಾಗ ಅಕ್ಷರ ಸುದ್ದಾ ದೊಡ್ಡದಾಗ್ತಾವ ನೋಡ್ರಿ, ಸಿಟ್ಟು ಏರಿದಂಗ ದಪ್ಪ ಆಗಿ ಮಾತಿನ ಬಲೂನ್ ಒಡದು ಹೊರಗ ಬರೋ ಹಂಗ. ಟೀವಿಯಾಗ ಏನೈತಿ? ‘ಬ್ಲಿಸ್ಟರಿಂಗ್ ಬಾರ್ನಕಲ್ಸ್’ ಅಂತ ಒಂದು, ‘ಥಂಡರಿಂಗ್ ಟೈಫೂನ್ಸ್’ ಅಂತ ಒಂದು, ಮುಗೀತು, ಮುಂದಿನ ಸೀನಿಗೆ ನಡೀರಿ. ಡೇವಿಡ್ ಫಾಕ್ಸ್ ಅಂತ ಧ್ವನಿ ಕೊಟ್ಟಾಂವ ಭಾಳ ಚಂದ ಮಾಡ್ಯಾನ, ಅವಂದೇನ್ ತಪ್ಪಿಲ್ಲ. ಊಟಕ್ಕ ಕೂಡಿಸಿ ಉಪ್ಪಿನಕಾಯಿ ಅಷ್ಟ ಬಡಿಸಿದಂಗ ಆತು.


ಕುಂದಾಪ್ರದ_ಗಾಳ · ಭಾನುವಾರ ಬೆಳಿಗ್ಗೆ 10:30

ಹ್ವಾಯ್, ಕ್ಯಾಪ್ಟನ್ ಬೈಗುಳ ಅಂದ್ರೆ ನಮ್ ಏರಿಯಾ!

ಈ ಬೈಗುಳ ಇಂಗ್ಲಿಷಿಗೆ ಬಂದದ್ದೇ ಒಂದು ದೊಡ್ಡ ಕೆಲಸ. ಎರ್ಜೆ ಬರೆದದ್ದು ಫ್ರೆಂಚಲ್ಲಿ, ‘ಮಿಲ್ ಸಬೋರ್’ ಅಂತ, ಅಂದ್ರೆ ಹಡಗಿನ ಪಕ್ಕದಲ್ಲಿ ಫಿರಂಗಿ ಇಡೋ ಕಿಂಡಿಗಳು, ಸಾವಿರ. ಲೆಸ್ಲಿ ಲಾನ್ಸ್‌ಡೇಲ್-ಕೂಪರ್ ಮತ್ತು ಮೈಕಲ್ ಟರ್ನರ್ ಅಂತ ಇಬ್ಬರು ಅನುವಾದಕರು ಅದನ್ನ ಹಡಗಿನ ತಳಕ್ಕೆ ಅಂಟೋ ಚಿಪ್ಪಿನ ಹುಳ (ಬಾರ್ನಕಲ್) ಮಾಡಿದ್ರು. ಟಿನ್‌ಟಿನ್‌ನ ನಾಯಿ ಮಿಲೂ ಸ್ನೋಯಿ ಆಯ್ತು, ಟೂರ್ನೆಸೋಲ್ ಅನ್ನೋ ಪ್ರೊಫೆಸರ್ ಕ್ಯಾಲ್ಕ್ಯುಲಸ್ ಆದ. ಶಬ್ದ ಬಿಟ್ಟು ಸದ್ದು ಹಿಡಿದ್ರು. ಬಂಗಾಳಿಯವರೂ ‘ಆನಂದಮೇಳ’ ಅನ್ನೋ ಮಕ್ಕಳ ಪತ್ರಿಕೆಯಲ್ಲಿ ನಾಯಿಗೆ ಕುಟ್ಟುಸ್ ಅಂತ ಹೆಸರಿಟ್ಟು ತಮ್ಮದೇ ಮಾಡ್ಕೊಂಡ್ರು. ಕನ್ನಡ ಟಿನ್‌ಟಿನ್ ನನ್ನ ಕೈಗೆ ಯಾವತ್ತೂ ಸಿಕ್ಕಿಲ್ಲ.

ಸಿಕ್ಕಿದ್ರೆ ಹ್ಯಾಡಕ್ ನಮ್ಮ ಗಂಗೊಳ್ಳಿಯವನೇ ಆಗ್ಬೇಕು. ಬೋಟಿನಲ್ಲಿ ಹುಟ್ಟಿದ ಬೈಗುಳಕ್ಕೆ ಉಪ್ಪಿನ ವಾಸನೆ ಬೇಕಲ್ದಾ? ನನ್ನ ಪ್ರಯತ್ನ: ‘ಕೊಳೆತ ಕಲ್ವ! ತಳ ತೂತಾದ ದೋಣಿ! ಬಲೆಗ್ ಬಿದ್ದ ಜೆಲ್ಲಿ ಮೀನೇ! ಮಂಡಿ ಬೆಚ್ಚ ಮಾಡ್ಬೇಡ, ಉಪ್ಪು ಹಾಕಿ ಒಣಗ್ಸಿ ಬಿಡ್ತೆ!’


ಹುಬ್ಬಳ್ಳಿಯಾಂವ · ಭಾನುವಾರ ಬೆಳಿಗ್ಗೆ 10:41

‘ತಳ ತೂತಾದ ದೋಣಿ’ 👏👏 ನಾಳೆ ಆಫೀಸಿನ್ಯಾಗ ಮ್ಯಾನೇಜರಿಗೆ ಅನ್ನಾಂವ.


ಮೂರನೇ_ಬೆಂಚು · ಭಾನುವಾರ ಬೆಳಿಗ್ಗೆ 11:15

ಚಿಂಟು ಟೀವಿ ಶುರುವಾದಾಗ (2009) ನನ್ನ ತಮ್ಮ ಚಿಕ್ಕವನು. ಕಾರ್ಟೂನುಗಳು ಕನ್ನಡದಲ್ಲಿ ಮಾತಾಡೋದು ಕೇಳಿ ಅವನು ಮೊದಲ ದಿನ ಟೀವಿ ಹಿಂದುಗಡೆ ಹೋಗಿ ನೋಡಿ ಬಂದಿದ್ದ. ಅಂಥಾ ಭಾಗ್ಯ ಹ್ಯಾಡಕ್‌ಗೂ ಬರ್ಲಿ. ಅಂದಹಾಗೆ ಪುಸ್ತಕ ಈಗ ಅಗ್ಗಕ್ಕೆ ಎಲ್ಲಿ ಸಿಗುತ್ತೆ? ಹೊಸದರ ಬೆಲೆ ನೋಡಿ ನನಗೂ ಜ್ವರ ಬಂತು.


ಹಳೇಪುಸ್ತಕ · ಭಾನುವಾರ ಬೆಳಿಗ್ಗೆ 11:40

ಅವೆನ್ಯೂ ರಸ್ತೆಯಲ್ಲಿ ಅದೃಷ್ಟವಿದ್ದರೆ ಸಿಗುತ್ತದೆ. ಕೊಳ್ಳುವ ಮುನ್ನ ಪುಟ ಎಣಿಸಿ ನೋಡಿ. ನನಗೊಮ್ಮೆ ಕೊನೆಯ ನಾಲ್ಕು ಪುಟ ಇಲ್ಲದ ‘ಬ್ಲ್ಯಾಕ್ ಐಲ್ಯಾಂಡ್’ ಕೊಟ್ಟು ಕಳಿಸಿದ್ದರು. ಆ ನಾಲ್ಕು ಪುಟವನ್ನು ನಾನು ಕೊನೆಗೆ ನೋಡಿದ್ದು ಟೀವಿಯಲ್ಲೇ ಎಂಬುದನ್ನೂ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತೇನೆ.


ಚೌಕಟ್ಟು · ಭಾನುವಾರ ಮಧ್ಯಾಹ್ನ 2:25

ರೀಲು ಅವರೇ, ಆ ಬಿಳಿ ಪಟ್ಟಿ ವಿಷಯ ಕೇಳಿ ಎದ್ದು ಹೋಗಿ ಪುಸ್ತಕ ತಂದೆ. ಈಗ ಮಡಿಲಲ್ಲಿ ಇಟ್ಕೊಂಡೇ ಬರೀತಿದ್ದೇನೆ.

ಮುಖಪುಟ ನೋಡಿ ನಗು ಬಂತು. ಬಂಗಲೆಯಲ್ಲಿ ಟೀವಿಯವರು ಕ್ಯಾಮೆರಾ, ದೀಪ ಎಲ್ಲ ಹೂಡಿದ್ದಾರೆ, ಕ್ಯಾಸ್ಟಫಿಯೋರೆ ಹಾಡ್ತಿದ್ದಾಳೆ, ಟಿನ್‌ಟಿನ್ ನಮ್ಮ ಕಡೆ ತಿರುಗಿ ತುಟಿ ಮೇಲೆ ಬೆರಳಿಟ್ಟು ಶ್ ಅಂತಿದ್ದಾನೆ. 1963ರ ಪುಸ್ತಕ ಇದು. ಒಳಗೆ ಕ್ಯಾಲ್ಕ್ಯುಲಸ್ ತಾನೇ ಕಂಡುಹಿಡಿದ ಕಲರ್ ಟೀವಿ ತೋರಿಸ್ತಾನೆ, ಅದರಲ್ಲಿ ಮುಖಗಳೆಲ್ಲ ಅಲೆಅಲೆಯಾಗಿ ಕಲಸಿ ಬಣ್ಣ ಸೋರುತ್ತೆ. ನೋಡಿ ಮುಗಿಸಿದವರ ಕಣ್ಣಿಗೆ ಆಮೇಲೂ ಎಲ್ಲ ಅದುರಿದ ಹಾಗೇ ಕಾಣುತ್ತೆ. ಟೀವಿಯನ್ನೇ ಇಷ್ಟು ಗೇಲಿ ಮಾಡಿದ ಪುಸ್ತಕವನ್ನ ಟೀವಿಗೆ ಕೊಟ್ರೆ ಅದು ಸೇಡು ತೀರಿಸಿಕೊಳ್ಳದೆ ಇರುತ್ತಾ!

ಇಡೀ ಪುಸ್ತಕದಲ್ಲಿ ಟಿನ್‌ಟಿನ್ ಆಗಲಿ ಹ್ಯಾಡಕ್ ಆಗಲಿ ಊರು ಬಿಟ್ಟು ಹೋಗಲ್ಲ. ಕೊನೆಗೆ ಪಚ್ಚೆ ಕದ್ದಿದ್ದು ಒಂದು ಹಕ್ಕಿ. ಬೇರೆ ಪುಸ್ತಕಗಳಲ್ಲಿ ನಗು ತೆಗೆದ್ರೂ ಓಡಾಟ, ಹೊಡೆದಾಟ ಉಳಿಯುತ್ತೆ. ಇದರಲ್ಲಿ ನಗು ತೆಗೆದ್ರೆ ಉಳಿಯೋದು ಏನು? ಗಾಲಿ ಕುರ್ಚಿಯಲ್ಲಿ ಕೂತ ಒಬ್ಬ ಗಡ್ಡದವನು.

ಇನ್ನು ಸ್ನೋಯಿ. ಪುಸ್ತಕದಲ್ಲಿ ಅದು ಯೋಚಿಸುತ್ತೆ, ಗೊಣಗುತ್ತೆ. ಟಿನ್‌ಟಿನ್ ಗಂಭೀರವಾಗಿ ಏನೋ ಪತ್ತೆ ಮಾಡ್ತಿದ್ರೆ ಕೆಳಗೆ ಮೂಲೆಯಲ್ಲಿ ನಾಯಿ ತನ್ನಷ್ಟಕ್ಕೆ ಒಂದು ಕುಹಕ ಮಾತು ಹಾಕಿರುತ್ತೆ. ಟಿನ್‌ಟಿನ್ ಸ್ವತಃ ಅಷ್ಟು ಸಭ್ಯ ಹುಡುಗ, ಅವನ ಜೊತೆ ಈ ಗೊಣಗಾಟ ಇಲ್ಲದಿದ್ರೆ ಸಪ್ಪೆ. ಟೀವಿಯಲ್ಲಿ ನಾಯಿ ಬೊಗಳುತ್ತೆ, ಕುಂಯ್ ಅನ್ನುತ್ತೆ, ಅಷ್ಟೇ. ಒಂದು ಪಾತ್ರವನ್ನ ಸಾಕುಪ್ರಾಣಿ ಮಾಡಿಬಿಟ್ರು.

ಆಮೇಲೆ ಬೆವರ ಹನಿ. ಗಾಬರಿಯಾದಾಗ, ಸಿಟ್ಟು ಬಂದಾಗ ತಲೆ ಸುತ್ತ ಹಾರೋ ಆ ಪುಟ್ಟ ಹನಿಗಳು, ಏಟು ಬಿದ್ದಾಗ ಸುತ್ತೋ ನಕ್ಷತ್ರ, ಸುರುಳಿ. ಎರ್ಜೆಯ ಗೆರೆ ತೀರಾ ಸ್ವಚ್ಛ. ನೆರಳಿಲ್ಲ, ಗೀಚಿಲ್ಲ, ಎಲ್ಲ ಗೆರೆಯೂ ಹೆಚ್ಚುಕಡಿಮೆ ಒಂದೇ ದಪ್ಪ. ಆ ಸ್ವಚ್ಛ ಚಿತ್ರದಲ್ಲಿ ಈ ಹನಿಗಳೇ ಒಗ್ಗರಣೆ. ಚಿತ್ರ ತಾನೇ ಅಲ್ಲಾಡೋಕೆ ಶುರುವಾದ ಮೇಲೆ ಇವೆಲ್ಲ ಬೇಡ ಅಂದ್ಕೊಂಡ್ರೋ ಏನೋ, ಹೆಚ್ಚಿನ ಕಡೆ ಒರೆಸಿಹಾಕಿದ್ದಾರೆ. ಗೆರೆ ಉಳೀತು, ಒಗ್ಗರಣೆ ಹೋಯ್ತು.


ನಿದ್ದೆಗೆಟ್ಟವಳು · ಭಾನುವಾರ ರಾತ್ರಿ 1:10

ಎಲ್ಲ ಓದಿದೆ. ಒಂದಿಷ್ಟು ಒಪ್ಪಿಗೆ, ಒಂದಿಷ್ಟು ಜಗಳ.

ಒಪ್ಪಿಗೆ ‘ಶೂಟಿಂಗ್ ಸ್ಟಾರ್’ ಬಗ್ಗೆ. ಆ ಪುಸ್ತಕದ ಆರಂಭ ನೆನಪಿದೆಯಾ? ರಾತ್ರಿ, ಸಪ್ತರ್ಷಿ ಮಂಡಲದಲ್ಲಿ ಒಂದು ನಕ್ಷತ್ರ ಜಾಸ್ತಿ. ವಿಪರೀತ ಸೆಕೆ. ರಸ್ತೆಯ ಡಾಂಬರು ಕರಗಿ ಸ್ನೋಯಿಯ ಕಾಲು ಅಂಟಿಕೊಳ್ಳುತ್ತೆ. ಇಲಿಗಳು ಹಿಂಡಾಗಿ ಓಡ್ತವೆ. ಬಿಳಿ ಬಟ್ಟೆ ಹೊದ್ದ ಹುಚ್ಚು ಪ್ರವಾದಿ ಜಾಗಟೆ ಬಾರಿಸ್ಕೊಂಡು ಪ್ರಳಯ ಬಂತು ಅಂತ ತಿರುಗ್ತಾನೆ. ದೂರದರ್ಶಕದಲ್ಲಿ ನೋಡಿದ್ರೆ ಆಕಾಶದ ತುಂಬ ಒಂದು ಜೇಡ! ಯುದ್ಧದ ಕಾಲದಲ್ಲಿ, 1941–42ರಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ಬ್ರಸೆಲ್ಸ್‌ನಲ್ಲಿ ‘ಲ ಸ್ವಾರ್’ ಪತ್ರಿಕೆಗೆ ದಿನಕ್ಕೊಂದು ಚಿತ್ರಪಟ್ಟಿಯ ಹಾಗೆ ಬರೆದದ್ದು. ಆ ಸೆಕೆ, ಆ ಉಸಿರುಗಟ್ಟೋದು ನಿಧಾನವಾಗಿ ಏರಬೇಕು. 22 ನಿಮಿಷದಲ್ಲಿ ಪ್ರಳಯವನ್ನೂ ತೋರಿಸಿ, ಆರ್ಕ್ಟಿಕ್ ಸಾಗರಕ್ಕೂ ಹೋಗಿ, ದೈತ್ಯ ಅಣಬೆಯನ್ನೂ ಬೆಳೆಸಬೇಕು ಅಂದ್ರೆ ಸೆಕೆ ಎಲ್ಲಿಂದ ಬರುತ್ತೆ? ನಾನು ಬಾಲ್ಯದಲ್ಲಿ ಆ ಪುಟಗಳಿಗೆ ಹೆದರಿ ಪುಸ್ತಕವನ್ನ ದಿಂಬಿನ ಕೆಳಗೆ ಇಡದೆ ಹಜಾರದಲ್ಲಿ ಬಿಟ್ಟು ಬರ್ತಿದ್ದೆ. ಟೀವಿ ಕಂತು ನೋಡಿ ಯಾರೂ ಹೆದರಿರಲ್ಲ.

ಇದಕ್ಕೆ ಸೇರಿಸಿ ಇನ್ನೊಂದು ಮಾತು. ದಿನಪತ್ರಿಕೆಗೋ ವಾರಪತ್ರಿಕೆಗೋ ಬರೆದದ್ದಾದ್ರಿಂದ ಎರ್ಜೆಗೆ ನಾಳೆ ಓದುಗ ವಾಪಸ್ ಬರಬೇಕಿತ್ತು. ಹಾಗಾಗಿ ಪಟ್ಟಿಯ ಕೊನೆಗೋ ಪುಟದ ಕೊನೆಗೋ ಒಂದು ಸಣ್ಣ ಗಂಟು. ಯಾರೋ ಬಾಗಿಲು ತಟ್ತಾರೆ, ಏನೋ ಸದ್ದಾಗುತ್ತೆ, ಟಿನ್‌ಟಿನ್ ತಿರುಗಿ ನೋಡ್ತಾನೆ. ಪುಟ ತಿರುಗಿಸು. ಟೀವಿಯಲ್ಲಿ ಗಂಟು ಒಂದೇ, ಮೊದಲ ಕಂತಿನ ಕೊನೆಯಲ್ಲಿ.

ಈಗ ಜಗಳ. ‘ಬಿಡುವೇ ಇಲ್ಲ’ ಅಂತ ಎಲ್ಲ ಕಂತಿಗೂ ಒಂದೇ ಮೊಳೆ ಹೊಡೀಬೇಡಿ. ‘ಟಿನ್‌ಟಿನ್ ಇನ್ ಟಿಬೆಟ್’ ಮತ್ತೊಮ್ಮೆ ನೋಡಿ. ಕ್ಯಾಪ್ಟನ್ ಹಗ್ಗದಲ್ಲಿ ನೇತಾಡ್ತಾ, ಮೇಲಿರೋ ಟಿನ್‌ಟಿನ್ ಆದ್ರೂ ಉಳೀಲಿ ಅಂತ ತನ್ನ ಹಗ್ಗ ತಾನೇ ಕುಯ್ಯೋಕೆ ಹೋಗೋ ದೃಶ್ಯ ನನಗೆ ಟೀವಿಯಲ್ಲೂ ಎದೆ ಹಿಡಿದಿದೆ. ಆ ಪುಸ್ತಕದ ಬಿಳುಪು, ಪುಟಪುಟವೂ ಹಿಮ, ಅದು ತೆರೆಗೆ ಒಗ್ಗುತ್ತೆ. ಎರ್ಜೆಗೆ ಆಗ ಮನಸ್ಸು ಕೆಟ್ಟಿತ್ತು, ಕನಸಲ್ಲೆಲ್ಲ ಬಿಳಿ ಬಣ್ಣವೇ ಬರ್ತಿತ್ತು, ಕೆಲಸ ನಿಲ್ಲಿಸು ಅಂತ ಮನೋವೈದ್ಯರು ಹೇಳಿದ್ರೂ ಕೇಳದೆ ಬರೆದು ಮುಗಿಸಿದ ಪುಸ್ತಕ. ಅದರಲ್ಲಿ ಖಳನಾಯಕ ಇಲ್ಲ, ಹೊಡೆದಾಟ ಇಲ್ಲ, ಗೆಳೆಯ ಚಾಂಗ್‌ನನ್ನ ಹುಡುಕ್ತಾ ಹೋಗೋದು ಅಷ್ಟೇ. ಟೀವಿಯವರಿಗೆ ಕತ್ತರಿಸೋಕೆ ಏನೂ ಸಿಗಲಿಲ್ಲವೋ, ನಿಜವಾಗಿಯೂ ಮನಸ್ಸಿಟ್ಟರೋ, ಅಂತೂ ನಿಂತಿದ್ದಾರೆ.

ಆದ್ರೆ ಕಠ್ಮಂಡುವಿನಲ್ಲಿ ಹ್ಯಾಡಕ್ ಒಣಗಲು ಹಾಕಿದ ಕೆಂಪು ಮೆಣಸಿನಕಾಯಿಯನ್ನ ಹಣ್ಣು ಅಂತ ಬಾಯಿಗೆ ಹಾಕ್ಕೊಳ್ಳೋದಿದೆಯಲ್ಲ, ಅದು ಮಾತ್ರ ಪುಸ್ತಕದಲ್ಲೇ ನೋಡಬೇಕು. ಬ್ಯಾಡಗಿಯವಳಾಗಿ ಹೇಳ್ತಿದ್ದೇನೆ.


ಬಿಸಿಬೇಳೆ_ಭಾತು · ಸೋಮವಾರ ಬೆಳಿಗ್ಗೆ 8:30

ಟಿಬೆಟ್‌ಗೆ ನನ್ನ ವೋಟು.

ಇನ್ನೊಂದು ಅನ್ಯಾಯ ಸರಿ ಮಾಡಿ ಹೋಗ್ತೀನಿ. ಕ್ಯಾಸ್ಟಫಿಯೋರೆಗೆ ಇಂಗ್ಲಿಷಿನಲ್ಲಿ ಧ್ವನಿ ಕೊಟ್ಟಿದ್ದು ಮೌರೀನ್ ಫಾರೆಸ್ಟರ್, ಕೆನಡಾದ ನಿಜವಾದ ದೊಡ್ಡ ಶಾಸ್ತ್ರೀಯ ಗಾಯಕಿ. ಕಾರ್ಟೂನಿಗೆ ಅಂಥವರನ್ನ ಕರೆಸ್ತಾರೆ ಅಂದ್ರೆ ನೋಡಿ.


ಹಳೇಪುಸ್ತಕ · ಸೋಮವಾರ ಬೆಳಿಗ್ಗೆ 9:15

ಫಾರೆಸ್ಟರ್ ಕಾಂಟ್ರಾಲ್ಟೊ, ಅಂದರೆ ಹೆಣ್ಣು ದನಿಯ ಕೆಳಗಿನ ತುದಿ. ಕ್ಯಾಸ್ಟಫಿಯೋರೆ ಸೊಪ್ರಾನೊ, ಮೇಲಿನ ತುದಿ. ತಮಾಷೆಗೆ ಮಾಡಿದರೋ ಏನೋ, ಚೆನ್ನಾಗಿಯೇ ಇದೆ. ಆದರೂ ಒಂದು ಕೊರತೆ. ಪುಸ್ತಕದಲ್ಲಿ ಆಕೆಯ ಹಾಡು ನಮಗೆ ಕೇಳಿಸುವುದಿಲ್ಲ, ಕೇಳಿದವರ ಮುಖ ಮಾತ್ರ ಕಾಣುತ್ತದೆ. ಆದ್ದರಿಂದ ಓದುಗ ತನಗೆ ಗೊತ್ತಿರುವ ಅತಿ ಭಯಂಕರ ಹಾಡುಗಾರಿಕೆಯನ್ನು ಅಲ್ಲಿಗೆ ತುಂಬಿಕೊಳ್ಳುತ್ತಾನೆ. ನಾನು ನಮ್ಮ ಬೀದಿಯ ಗಣೇಶೋತ್ಸವದ ಆರ್ಕೆಸ್ಟ್ರಾ ತುಂಬಿಕೊಂಡಿದ್ದೆ. ಫಾರೆಸ್ಟರ್ ಎಷ್ಟೇ ದೊಡ್ಡವರಾದರೂ ಅದಕ್ಕೆ ಸಮ ಬರಲಾರರು.


ಚೌಕಟ್ಟು · ಸೋಮವಾರ ರಾತ್ರಿ 9:50

ಬಿಸಿಬೇಳೆ ಅವರ ‘ಜ್ವರದ ಕೇಸ್’ ಮಾತು ಮನಸ್ಸಲ್ಲಿ ಕೂತಿತ್ತು. ನ್ಯಾಯವಾದ ಮಾತೇ. ಈಗ ಜ್ವರ ಬಿಟ್ಟಿದೆ, ಹೋಂವರ್ಕ್ ಮುಗಿದಿದೆ, ಹೊಟ್ಟೆಗೆ ದೋಸೆ ಬಿದ್ದಿದೆ. ಇವತ್ತು ಸಂಜೆ ಅದೇ ಕಂತು ಮತ್ತೆ ಹಾಕಿದೆ. ನಾನು ಬಾಯಿ ಬಿಡಲಿಲ್ಲ.

ಮೆಟ್ಟಿಲು ಬಂತು. ಅವಳು ರಿಮೋಟ್ ತಗೊಂಡು ಹ್ಯಾಡಕ್ ಗಾಳಿಯಲ್ಲಿರೋವಾಗ ಪಾಜ್ ಒತ್ತಿದ್ಲು. ಎದ್ದು ಟೀವಿ ಹತ್ತಿರ ಹೋಗಿ ನೋಡಿದ್ಲು. ಹತ್ತು ಸೆಕೆಂಡ್ ಹಿಂದಕ್ಕೆ ಹೋದ್ಲು, ಮತ್ತೆ ಬಿಟ್ಲು, ಮತ್ತೆ ನಿಲ್ಲಿಸಿದ್ಲು. ಮೂರನೇ ಸಲಕ್ಕೆ ಜೋರಾಗಿ ನಕ್ಕು, ‘ಅಪ್ಪಾ, ಇಲ್ಲಿ ನೋಡು, ಕ್ಯಾಪ್ಟನ್‌ಗೆ ಮೂರು ಕೈ ಇದೆ!’ ಅಂದ್ಲು.

ನೋಡಿದೆ. ನಿಜವಾಗಿಯೂ ಒಂದು ಕೈ ಮಸುಕಾಗಿ ಎರಡಾಗಿತ್ತು, ಬಾಯಿ ಕಿವಿ ತನಕ ಜಗ್ಗಿತ್ತು.


ರೀಲು_ಸುತ್ತುವವ · ಸೋಮವಾರ ರಾತ್ರಿ 10:04

ಅಯ್ಯೋ, ಅದು ಇನ್‌ಬಿಟ್ವೀನ್ ಚಿತ್ರ. ಎರಡು ಮುಖ್ಯ ಚಿತ್ರಗಳ ನಡುವೆ ಕಣ್ಣಿಗೆ ಕಾಣದ ಹಾಗೆ ಹಾದುಹೋಗಲಿ ಅಂತ ಬರೆಯೋದು. ಅದನ್ನ ನಿಲ್ಲಿಸಿ ನೋಡಬಾರದು ಅಂತ ಮಗಳಿಗೆ ಹೇಳಿ ಸಾರ್, ಬರೆದವನಿಗೆ ಮುಜುಗರ ಆಗುತ್ತೆ.